ಹೊಸ ಮೋಟಾರಿನ ಮೊದಲ ಸಾವಿರ ಕಿಲೋಮೀಟರು

ಕೋಲಾರದ ಸೀಮೆಯಲ್ಲಿ ಹೊಸ ಮೋಟಾರು ಕೊಂಡವರು ಮಾಡುವ ಮೊದಲ ಕೆಲಸ ಪೂಜೆ, ಎರಡನೆಯದು ಯಾತ್ರೆ. ಕುರುಡುಮಲೆಯ ಗಣಪತಿಯ ಎದುರಿಗೋ ಮುಳಬಾಗಿಲಿನ ಆಂಜನೇಯನ ಗುಡಿಯ ಬೀದಿಗೋ ಗಾಡಿ ಬಂದು ನಿಲ್ಲುತ್ತದೆ. ಮುಂಭಾಗಕ್ಕೆ ಹೂವಿನ ಹಾರ, ಗಾಜಿಗೆ ಅರಿಸಿನ ಕುಂಕುಮ, ನಾಲ್ಕು ಗಾಲಿಗಳಿಗೆ ನಾಲ್ಕು ನಿಂಬೆಯ ಹಣ್ಣು. ಮಂಗಳಾರತಿ ಮುಗಿದು ನಿಂಬೆಯ ಹಣ್ಣುಗಳು ಅಪ್ಪಚ್ಚಿಯಾದ ಮರುದಿನವೇ, ಕೋಳಿ ಕೂಗುವ ಮೊದಲು, ಅಜ್ಜಿ ತಾತ ಮೊಮ್ಮಕ್ಕಳಾದಿಯಾಗಿ ಏಳು ಮಂದಿ ಅದರಲ್ಲಿ ಕುಳಿತು ತಿರುಪತಿಯ ಹಾದಿ ಹಿಡಿಯುತ್ತಾರೆ. ನಂಗಲಿ ದಾಟಿ, ಪಲಮನೇರು ದಾಟಿ, ಮೊಗಿಲಿಯ ಘಟ್ಟವನ್ನಿಳಿದು ಚಿತ್ತೂರಿನ ಮೇಲೆ ಹೋದರೆ ಕೋಲಾರದಿಂದ ಸುಮಾರು 180 ಕಿಲೋಮೀಟರು. ಅದರ ತರುವಾಯ ತಿರುಮಲೆಯ ಏರು. ಭಕ್ತಿಯ ಕಡೆಯಿಂದ ನೋಡಿದರೆ ಇದರಲ್ಲಿ ಕುಂದು ಹುಡುಕಲು ನಾನಾರು? ಆದರೆ ಎಂಜಿನ್ನಿನ ಕಡೆಯಿಂದ ನೋಡಿದರೆ, ಇದು ನೊಗವನ್ನೇ ಕಾಣದ ಹೋರಿಗೆ ಮೊದಲ ದಿನವೇ ತುಂಬಿದ ಬಂಡಿಯನ್ನು ಕಟ್ಟಿ ಬೆಟ್ಟ ಹತ್ತಿಸಿದಂತೆ.

ಮಧ್ಯಮ ವರ್ಗದ ಸಂಸಾರಕ್ಕೆ ಮನೆಯನ್ನು ಬಿಟ್ಟರೆ ಮೋಟಾರಿನಷ್ಟು ದೊಡ್ಡ ಖರ್ಚು ಮತ್ತೊಂದಿಲ್ಲ. ಐದು ವರ್ಷವೋ ಏಳು ವರ್ಷವೋ ತಿಂಗಳು ತಿಂಗಳೂ ಸಂಬಳದಿಂದ ಕಂತು ಕಡಿಯುತ್ತದೆ. ಸಾಲ ತೀರುವ ಹೊತ್ತಿಗೆ ಗಾಡಿಯೂ ತೀರಿಹೋಗಬಾರದು ಎಂಬುದು ಎಲ್ಲರ ಹಾರೈಕೆ. ಎಂಜಿನ್ನಿನ ಆಯುಷ್ಯವು ಹಲವು ಸಂಗತಿಗಳನ್ನು ಅವಲಂಬಿಸಿದೆ. ಅವುಗಳಲ್ಲಿ ಒಂದು ಮಾತ್ರ ಒಂದೇ ಸಲ ನಮ್ಮ ಕೈಗೆ ಬರುತ್ತದೆ, ಮತ್ತೆ ಬರುವುದಿಲ್ಲ. ಅದೇ ಮೊದಲ ಸಾವಿರ ಕಿಲೋಮೀಟರು. ಈ ವಿಷಯವನ್ನು ತಿಳಿಸಲೆಂದೇ ಕಂಪನಿಯವರು ಗಾಡಿಯೊಂದಿಗೆ ಒಂದು ಪುಸ್ತಕವನ್ನು ಕೊಡುತ್ತಾರೆ. ಪ್ಲಾಸ್ಟಿಕ್ ಹೊದಿಕೆಯನ್ನೂ ಕಳಚದೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಅದು ವಿರಾಜಮಾನವಾಗಿರುತ್ತದೆ. ಸಾಹಿತ್ಯದ ಮೇಷ್ಟರಾದ ನಮಗೆ ಓದಿಸಿಕೊಳ್ಳದ ಕೃತಿಗಳ ಪರಿಚಯ ಸಾಕಷ್ಟಿದೆ; ಆದರೂ ಇಷ್ಟು ಪ್ರತಿಗಳು ಮನೆಮನೆಯನ್ನು ಸೇರಿ ಇಷ್ಟು ಕಡಿಮೆ ಓದುಗರನ್ನು ಪಡೆದ ಗ್ರಂಥ ಮತ್ತೊಂದಿರಲಾರದು. ಅದು ಕನ್ನಡದಲ್ಲಿ ದೊರೆಯುವುದೂ ಅಪರೂಪ.

ಈ ಆರಂಭದ ಉಪಚಾರಕ್ಕೆ ಇಂಗ್ಲಿಷಿನವರು ‘ರನ್ನಿಂಗ್ ಇನ್’ ಎಂದರು. ನಮ್ಮಲ್ಲಿ ಅದಕ್ಕಿಂತ ಒಳ್ಳೆಯ ಮಾತಿದೆ: ಪಳಗಿಸುವುದು. ಹಳಗನ್ನಡದಲ್ಲಿ ಇದು ಪೞಗು. ತಮಿಳಿನಲ್ಲಿಯೂ ಇದೇ ಧಾತುವಿದ್ದು, ಅಲ್ಲಿ ಒಬ್ಬರೊಡನೊಬ್ಬರು ಸಲಿಗೆಯಾಗಿ ಬೆರೆಯುವುದಕ್ಕೂ ಅದನ್ನೇ ಬಳಸುತ್ತಾರೆ. ಹೊಸ ಎಂಜಿನ್ನಿನಲ್ಲಿ ನಡೆಯುವುದು ಸರಿಯಾಗಿ ಇದೇ: ಜೊತೆಯಾಗಿ ಬಾಳಬೇಕಾದ ಲೋಹದ ಎರಡು ಮೈಗಳು ಒಂದಕ್ಕೊಂದು ಪರಿಚಯವಾಗುತ್ತವೆ.

ಒಳಗಿನ ಸಂಗತಿಯನ್ನು ಸ್ವಲ್ಪ ವಿವರವಾಗಿ ನೋಡೋಣ. ಎಂಜಿನ್ನಿನ ಹೃದಯವೆಂದರೆ ಸಿಲಿಂಡರು ಎಂಬ ಉರುಟಾದ ಕೊಳವೆ, ಅದರೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನು. ಪಿಸ್ಟನ್ನಿನ ಸೊಂಟಕ್ಕೆ ಸಾಮಾನ್ಯವಾಗಿ ಮೂರು ಲೋಹದ ಉಂಗುರಗಳು. ಮೇಲಿನ ಎರಡು ಉರಿಯುವ ಅನಿಲವು ಕೆಳಗೆ ಸೋರದಂತೆ ತಡೆಯುತ್ತವೆ. ಕೆಳಗಿನದು ಗೋಡೆಗೆ ಹತ್ತಿದ ಎಣ್ಣೆಯನ್ನು ಬಳಿದು ಕೆಳಕ್ಕೆ ಕಳುಹಿಸುತ್ತದೆ. ಈ ಕೊಳವೆಯ ಒಳಗೋಡೆಯು ಕನ್ನಡಿಯಂತೆ ನುಣುಪಾಗಿರುತ್ತದೆಂದು ಅನೇಕರ ಕಲ್ಪನೆ. ಹಾಗಿಲ್ಲ. ಕಾರ್ಖಾನೆಯಲ್ಲಿ ಬೇಕೆಂದೇ ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಸೂಕ್ಷ್ಮವಾದ ಗೀರುಗಳನ್ನು, ಚಾಪೆಯ ಹೆಣಿಗೆಯಂತೆ ಒಂದನ್ನೊಂದು ಅಡ್ಡ ಹಾಯುವಂತೆ, ಎಳೆದಿರುತ್ತಾರೆ. ಈ ಕೆಲಸಕ್ಕೆ ಹೋನಿಂಗ್ ಎಂದು ಹೆಸರು. ಗೀರಿನ ತಗ್ಗುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಉಬ್ಬುಗಳ ಮೇಲೆ ಉಂಗುರ ಉಜ್ಜುತ್ತದೆ. ಉಜ್ಜಿ ಉಜ್ಜಿ ಉಬ್ಬಿನ ಚೂಪು ಸವೆದು, ಉಂಗುರದ ಅಂಚೂ ಅದಕ್ಕೆ ತಕ್ಕಂತೆ ಸವೆದು, ಎರಡೂ ಹೊಂದಿಕೊಂಡಾಗ ಎಂಜಿನ್ನು ಪಳಗಿತು ಎನ್ನಬೇಕು.

ಇದು ನಮ್ಮ ಅಜ್ಜಿಯರಿಗೆ ಹೊಸ ವಿಷಯವೇನೂ ಅಲ್ಲ. ಹೊಸ ಒರಳು ಮನೆಗೆ ಬಂದ ದಿನ ಅದರಲ್ಲಿ ಯಾರೂ ದೋಸೆಗೆ ರುಬ್ಬುತ್ತಿರಲಿಲ್ಲ. ತೌಡನ್ನೋ ನುಚ್ಚನ್ನೋ ಹಾಕಿ ನಾಲ್ಕಾರು ಸಲ ರುಬ್ಬಿ, ಕಲ್ಲಿನ ಪುಡಿ ಬೆರೆತ ಆ ಹಿಟ್ಟನ್ನು ಹೊರಗೆ ಚೆಲ್ಲಿ, ತೊಳೆದು, ಗುಂಡು ಒರಳಿಗೂ ಒರಳು ಗುಂಡಿಗೂ ಹೊಂದಿದ ಮೇಲೆಯೇ ಅಕ್ಕಿ ಉದ್ದು ಅದರೊಳಗೆ ಬೀಳುತ್ತಿತ್ತು. ಹೊಸ ಎಂಜಿನ್ನಿನ ಮೊದಲ ಎಣ್ಣೆಯಲ್ಲಿ ಕಾಣುವ ಲೋಹದ ನವಿರಾದ ಧೂಳು ಈ ಕಲ್ಲುಪುಡಿಯ ಸೋದರನೇ.

ಎಷ್ಟು ಉಜ್ಜಾಟ ನಡೆಯುತ್ತದೆಂಬುದಕ್ಕೆ ಒಂದು ಲೆಕ್ಕ ಹೇಳಬಹುದು. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ, ಪಿಸ್ಟನ್ನು ಸೆಕೆಂಡಿಗೆ 50 ಸಲ ಮೇಲಕ್ಕೆ ಹೋಗಿ 50 ಸಲ ಕೆಳಕ್ಕೆ ಬರುತ್ತದೆ. ಅದರ ನಡೆ 8 ಸೆಂಟಿಮೀಟರೆಂದು ಹಿಡಿದರೆ, ಒಂದು ಸೆಕೆಂಡಿನಲ್ಲಿ 8 ಮೀಟರು, ಒಂದು ಗಂಟೆಯಲ್ಲಿ ಸುಮಾರು 29 ಕಿಲೋಮೀಟರು. ನಾವು ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವಷ್ಟು ದೂರವನ್ನು ಆ ಲೋಹದ ತುಂಡು ಗೇಣಿಗಿಂತ ಚಿಕ್ಕದಾದ ಕೊಳವೆಯೊಳಗೆ ಒಂದೇ ಗಂಟೆಯಲ್ಲಿ ನಡೆದು ಮುಗಿಸುತ್ತದೆ.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಹೊಸ ಗಾಡಿಯನ್ನು ಮೆಲ್ಲಗೆ, ಇನ್ನೂ ಮೆಲ್ಲಗೆ ನಡೆಸಿದಷ್ಟೂ ಒಳ್ಳೆಯದೆಂಬುದು ಬಹುಮಂದಿಯ ನಂಬಿಕೆ. ಗಂಟೆಗೆ 40 ಕಿಲೋಮೀಟರು ಮೀರದಂತೆ, ಅದೂ ಐದನೆಯ ಗೇರಿನಲ್ಲಿ, ತಿಂಗಳುಗಟ್ಟಲೆ ತೊಟ್ಟಿಲು ತೂಗಿದಂತೆ ಗಾಡಿ ತೂಗುವ ಮಹನೀಯರಿದ್ದಾರೆ. ಆದರೆ ಉಂಗುರವನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಬಿಗುಪೊಂದೇ ಅಲ್ಲ. ಪೆಟ್ರೋಲು ಉರಿದಾಗ ಹುಟ್ಟುವ ಅನಿಲದ ಒತ್ತಡವು ಉಂಗುರದ ಬೆನ್ನಿಗೆ ಹೊಕ್ಕು ಅದನ್ನು ಗೋಡೆಯ ಕಡೆಗೆ ದೂಡುತ್ತದೆ. ಎಂಜಿನ್ನಿಗೆ ಕೆಲಸವೇ ಇಲ್ಲದಿದ್ದರೆ ಆ ಒತ್ತಡವೂ ಇಲ್ಲ. ಆಗ ಉಂಗುರವು ಉಬ್ಬುಗಳನ್ನು ಸವೆಸದೆ ಎಣ್ಣೆಯ ಪೊರೆಯ ಮೇಲೆ ಸುಮ್ಮನೆ ಜಾರುತ್ತದೆ. ಎಣ್ಣೆಯು ಬಿಸಿಗೆ ಸುಟ್ಟು, ಗೋಡೆಯ ಮೇಲೆ ಗಾಜಿನಂಥ ಒಂದು ಹೊಳಪು ಕೂರುತ್ತದೆ. ಒಮ್ಮೆ ಹೊಳಪು ಹತ್ತಿದರೆ ಉಂಗುರ ಮತ್ತೆ ಸುಲಭವಾಗಿ ಹೊಂದುವುದಿಲ್ಲ. ಫಲ: ಎಣ್ಣೆ ಮೇಲೇರಿ ಉರಿಯುವುದು, ಹಿಂದಿನ ಕೊಳವೆಯಲ್ಲಿ ನೀಲಿ ಹೊಗೆ, ಏರಿನಲ್ಲಿ ನಿಶ್ಶಕ್ತಿ.

ಹಾಗೆಂದು ಶೋರೂಮಿನ ಬಾಗಿಲಿನಿಂದಲೇ ಪೆಡಲನ್ನು ನೆಲಕ್ಕೆ ತುಳಿಯಬೇಕೆಂಬ ಮತವೂ ಒಂದುಂಟು. ವಿಶೇಷವಾಗಿ ಮೋಟಾರು ಬೈಸಿಕಲ್ಲಿನ ತರುಣರಲ್ಲಿ ಅದಕ್ಕೆ ಅನುಯಾಯಿಗಳು ಹೆಚ್ಚು. ಒತ್ತಡ ಬೇಕೆಂಬ ಮಟ್ಟಿಗೆ ಅವರ ಮಾತಿನಲ್ಲಿ ಸತ್ಯವಿದೆ. ಒತ್ತಡದೊಂದಿಗೆ ಬಿಸಿಯೂ ಬರುತ್ತದೆ ಎಂಬುದನ್ನು ಅವರು ಮರೆಯುತ್ತಾರೆ. ಚೂಪಾದ ಉಬ್ಬುಗಳ ಮೇಲೆ ಉಜ್ಜಾಟ ಅತಿಯಾದರೆ ಅಲ್ಲಲ್ಲಿ ಲೋಹ ಕಾದು, ಹತ್ತಿಕೊಂಡು, ಕಿತ್ತುಬರಬಹುದು. ಆಗ ಬೀಳುವ ಗೀರು ಹೋನಿಂಗಿನದಲ್ಲ, ಗಾಯದ್ದು.

ಹಳ್ಳಿಯ ರೈತನಿಗೆ ಈ ವಾದವನ್ನು ತೀರ್ಮಾನಿಸುವುದು ಕಷ್ಟವಲ್ಲ. ಆವಣಿಯ ದನಗಳ ಜಾತ್ರೆಯಿಂದ ಹಳ್ಳಿಕಾರ್ ಹೋರಿಯ ಜೋಡಿಯನ್ನು ತಂದವನು ಅವುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸುತ್ತ ಕೂರುವುದಿಲ್ಲ. ಕೂತರೆ ಅವು ನೊಗಕ್ಕೆ ಎಂದೂ ಒಗ್ಗುವುದಿಲ್ಲ. ಮೊದಲ ದಿನವೇ ಕಲ್ಲುಬಂಡಿಗೂ ಹೂಡುವುದಿಲ್ಲ. ಬರಿಯ ನೊಗ, ಆಮೇಲೆ ಖಾಲಿ ಬಂಡಿ, ಆಮೇಲೆ ಅರೆಹೊರೆ. ಸ್ವಲ್ಪ ಎಳೆಸುವುದು, ಸ್ವಲ್ಪ ನಿಲ್ಲಿಸುವುದು, ತುಸು ಓಡಿಸುವುದು, ಮತ್ತೆ ನಡೆಸುವುದು. ಹೊಸ ಎಂಜಿನ್ನಿಗೂ ಬೇಕಾದುದು ಇಂಥದೇ ಮಿಶ್ರಾಹಾರ. ಅದು ಕೂಗಲೂ ಬಾರದು, ನರಳಲೂ ಬಾರದು; ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ರಾಗವನ್ನು ಗಂಟೆಗಟ್ಟಲೆ ಹಾಡಬಾರದು.

ಅಂಬಾಸಿಡರು, ಫಿಯಟ್ಟುಗಳ ಕಾಲದಲ್ಲಿ ಹೊಸ ಗಾಡಿಯ ಹಿಂದಿನ ಗಾಜಿಗೆ ‘ರನ್ನಿಂಗ್ ಇನ್’ ಎಂದು ಚೀಟಿ ಅಂಟಿಸುತ್ತಿದ್ದರು. ಬೆನ್ನು ಹತ್ತಿದ ಲಾರಿಯವನು ಅದನ್ನು ಕಂಡು ಹಾರನ್ನು ಬಡಿಯದೆ ಪಕ್ಕದಿಂದ ಹೋಗಬೇಕೆಂಬ ವಿನಂತಿ ಅದರಲ್ಲಿತ್ತು. ಮೊದಲ ಐನೂರು ಮೈಲಿ ಗಂಟೆಗೆ ಮೂವತ್ತು ಮೈಲಿ ಮೀರಬಾರದೆಂಬುದು ಆಗಿನ ಸಾಮಾನ್ಯ ಉಪದೇಶ. ಆ ಕಾಲದ ಲೋಹದ ಕೆಲಸ ಒರಟು, ಭಾಗಗಳ ಅಳತೆಯಲ್ಲಿ ಏರುಪೇರು ಹೆಚ್ಚು, ಎಣ್ಣೆಯ ಗುಣವೂ ಈಗಿನಂತಿರಲಿಲ್ಲ. ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಈಗಿನ ಕಾರ್ಖಾನೆಗಳಲ್ಲಿ ಉಬ್ಬುಗಳ ತುದಿಯನ್ನು ಯಂತ್ರವೇ ಮೊದಲು ಸವರಿ ಕಳುಹಿಸುತ್ತದೆ; ಉಂಗುರ ಹೊಂದಿಕೊಳ್ಳುವ ಕೆಲಸದ ಬಹುಪಾಲು ಆರಂಭದಲ್ಲಿಯೇ ನಡೆದುಹೋಗುತ್ತದೆ. ಚೀಟಿ ಮಾಯವಾದದ್ದು ನ್ಯಾಯವೇ. ಆದರೆ ಅದರೊಂದಿಗೆ ಉಪದೇಶವೂ ಮಾಯವಾಯಿತೆಂದು ಶೋರೂಮಿನ ಹುಡುಗರು ಹೇಳಿದರೆ ನಂಬಬೇಡಿ. ಅವರೇ ಕೊಟ್ಟ ಪುಸ್ತಕ ಬೇರೆಯೇ ಹೇಳುತ್ತದೆ.

ಬಿಡದಿಯಲ್ಲಿ 1999ರಿಂದ ಕಾರು ತಯಾರಿಸುತ್ತಿರುವ ಟೊಯೋಟಾದವರ ಪುಸ್ತಕಗಳನ್ನು ತೆರೆದರೆ, ಮೊದಲ 300 ಕಿಲೋಮೀಟರು ಹಠಾತ್ತಾಗಿ ಬ್ರೇಕು ಒತ್ತಬಾರದೆಂದೂ, ಮೊದಲ 1000 ಕಿಲೋಮೀಟರು ಅತಿವೇಗ, ಥಟ್ಟನೆ ವೇಗವೇರಿಸುವುದು, ಕೆಳಗಿನ ಗೇರಿನಲ್ಲೇ ಬಹಳ ಹೊತ್ತು ಓಡಿಸುವುದು, ಒಂದೇ ವೇಗದಲ್ಲಿ ದೀರ್ಘಕಾಲ ಹೋಗುವುದು ಇವನ್ನು ವರ್ಜಿಸಬೇಕೆಂದೂ ಇದೆ. ಸುಜುಕಿಯವರು ಈ ಅವಧಿಯನ್ನು 960 ಕಿಲೋಮೀಟರೆನ್ನುತ್ತಾರೆ, ಬ್ರೇಕಿಗೆ 320. ಜೊತೆಗೆ, ಮೇಲಿನ ಗೇರಿನಲ್ಲಿ ನಿಧಾನವಾಗಿ ಎಳೆಯಬೇಡಿ ಎಂಬ ಮಾತನ್ನೂ ಸೇರಿಸುತ್ತಾರೆ. ನಮ್ಮ ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ 2013ರಲ್ಲಿ ಕಾರ್ಖಾನೆ ತೆರೆದ ಹೋಂಡಾ ದ್ವಿಚಕ್ರಿಯವರು ತಮ್ಮ ವಾಹನಗಳಿಗೆ ಮೊದಲ 500 ಕಿಲೋಮೀಟರಿನ ಎಚ್ಚರ ಹೇಳುತ್ತಾರೆ. ಅಂಕಿಗಳು ಬೇರೆ, ಅಭಿಪ್ರಾಯ ಒಂದೇ. ನಿಮ್ಮ ಗಾಡಿಯ ಪುಸ್ತಕಕ್ಕೂ ಈ ಲೇಖನಕ್ಕೂ ಭೇದ ಕಂಡರೆ ಪುಸ್ತಕವನ್ನೇ ಪ್ರಮಾಣವೆಂದು ಹಿಡಿಯತಕ್ಕದ್ದು.

ಒಂದೇ ವೇಗವನ್ನು ಬಿಡಬೇಕೆಂಬ ಈ ಮಾತು ಈಗ ನಮ್ಮ ಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಹೊಸಕೋಟೆಯಿಂದ ಮಾಲೂರಿನ ಸೀಮೆಯನ್ನು ಹಾದು ಬೇತಮಂಗಲದ ಕಡೆಗೆ ಸಾಗುವ ಚೆನ್ನೈ ವೇಗಮಾರ್ಗದ ಕರ್ನಾಟಕದ ಭಾಗವು 2024ರ ಕೊನೆಯಲ್ಲಿ ವಾಹನಗಳಿಗೆ ತೆರೆಯಿತು. ಗಂಟೆಗೆ 120 ಕಿಲೋಮೀಟರಿಗೆಂದು ರೂಪಿಸಿದ ದಾರಿ. ಹೊಸ ಕಾರು ಕೊಂಡವರಿಗೆ ಅದರ ಆಸೆ ಸಹಜ. ಕ್ರೂಸ್ ಕಂಟ್ರೋಲೆಂಬ ಗುಂಡಿಯನ್ನೊತ್ತಿ, ಪೆಡಲಿನಿಂದ ಕಾಲು ತೆಗೆದು, ಮುಳ್ಳು ಕದಲದಂತೆ ಮುಕ್ಕಾಲು ಗಂಟೆ ತೇಲಿಹೋಗುವುದು ಚಾಲಕನಿಗೆ ಸುಖ; ಎಳೆಯ ಎಂಜಿನ್ನಿಗೆ ಮಾತ್ರ ಅದು ಕೆಟ್ಟ ಪಾಠಶಾಲೆ. ಒಂದೇ ವೇಗ, ಒಂದೇ ಒತ್ತಡ. ಉಂಗುರಕ್ಕೆ ಬಗೆಬಗೆಯ ಅಭ್ಯಾಸವಾಗುವುದೇ ಇಲ್ಲ.

ಅದರ ಬದಲು ಕೋಲಾರದಿಂದ ಶ್ರೀನಿವಾಸಪುರ, ಅಲ್ಲಿಂದ ಮುಳಬಾಗಿಲು, ಅಲ್ಲಿಂದ ಮರಳಿ ಕೋಲಾರ, ಈ ಮೂರು ಮೂಲೆಯ ಸುತ್ತು ನೋಡಿ. ಎಲ್ಲಾ ಸೇರಿ ನೂರು ಕಿಲೋಮೀಟರಿನೊಳಗೆ. ಹಳ್ಳಿ ಬಂದರೆ ಹಂಪು, ಹಂಪು ದಾಟಿದರೆ ಕುರಿಯ ಮಂದೆ, ಮಂದೆ ಸರಿದರೆ ಟೊಮೇಟೊ ಕ್ರೇಟುಗಳನ್ನು ಆಳೆತ್ತರ ಪೇರಿಸಿಕೊಂಡು ಮಂಡಿಗೆ ಓಡುವ ಗೂಡ್ಸ್ ಗಾಡಿ. ಮಾವಿನ ಸುಗ್ಗಿಯಲ್ಲಾದರೆ ಶ್ರೀನಿವಾಸಪುರದ ಮಂಡಿಗಳ ಸುತ್ತ ಎರಡನೆಯ ಗೇರಿಗಿಂತ ಮೇಲಕ್ಕೆ ಹೋಗುವ ಪ್ರಶ್ನೆಯೇ ಇಲ್ಲ. ನಡುವೆ ಅಲ್ಲಲ್ಲಿ ಎರಡು ಮೂರು ಕಿಲೋಮೀಟರು ತೆರವಾದ ರಸ್ತೆ. ಒಂದಷ್ಟು ಏರು, ಒಂದಷ್ಟು ಇಳಿತ. ಇಂಥ ದಾರಿಯಲ್ಲಿ ಎಂಜಿನ್ನು ತಾನಾಗಿಯೇ ಎಳೆಯುತ್ತದೆ, ಸಡಿಲುತ್ತದೆ, ಮತ್ತೆ ಎಳೆಯುತ್ತದೆ. ಈ ತಾಲ್ಲೂಕುಗಳ ಒಳರಸ್ತೆಗಳನ್ನು ಬೈಯದ ಚಾಲಕನಿಲ್ಲ. ಆದರೆ ಪಳಗಿಸುವ ಕೆಲಸಕ್ಕೆ ಇವುಗಳಿಗಿಂತ ಒಳ್ಳೆಯ ಗುರುಗಳಿಲ್ಲ. ಹನ್ನೊಂದು ಹನ್ನೆರಡು ಭಾನುವಾರ ಈ ಸುತ್ತು ಹಾಕಿದರೆ ಸಾವಿರ ಕಿಲೋಮೀಟರು ತುಂಬಿತು. ನಡುವೆ ಮುಳಬಾಗಿಲಿನಲ್ಲಿ ದೋಸೆ ತಿನ್ನಲು ಇಳಿಯುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲ.

ಗೇರಿನ ವಿಚಾರವಾಗಿ ಒಂದು ಮಾತು. ಸಣ್ಣ ಪೆಟ್ರೋಲು ಕಾರಿನಲ್ಲಿ ಸುತ್ತು ತೋರಿಸುವ ಮುಳ್ಳು ಹೆಚ್ಚಿನಂಶ 2000ಕ್ಕೂ 3000ಕ್ಕೂ ನಡುವೆ ಆಡುತ್ತಿರಲಿ. ಮೊದಲ ಮುನ್ನೂರು ಕಿಲೋಮೀಟರಿನ ಬಳಿಕ ಆಗಾಗ 3500ನ್ನು ಮುಟ್ಟಿಬಂದರೆ ಹಾನಿಯಿಲ್ಲ. ಡೀಸೆಲಿನದು ಇದಕ್ಕಿಂತ ಕೆಳಗಿನ ಶ್ರುತಿ. ಮುಳ್ಳೇ ಇಲ್ಲದ ಗಾಡಿಯಲ್ಲಿ ಕಿವಿಯೇ ಮುಳ್ಳು: ಪೆಡಲು ಒತ್ತಿದರೂ ಗಾಡಿ ಮುಂದೆ ಹೋಗದೆ ಗುಡುಗುಡು ನಡುಗಿದರೆ ಗೇರು ಇಳಿಸಬೇಕು. ಪೆಟ್ರೋಲಿನ ಉಳಿತಾಯಕ್ಕೆಂದು ಏರಿನಲ್ಲಿಯೂ ಮೇಲಿನ ಗೇರನ್ನು ಬಿಡದ ಜಿಪುಣತನವು ಹೊಸ ಎಂಜಿನ್ನಿನ ಬೇರಿಂಗುಗಳಿಗೆ ವೇಗಕ್ಕಿಂತಲೂ ಹೆಚ್ಚು ಶ್ರಮ ಕೊಡುತ್ತದೆ.

ಬೆಳಗಿನ ಆರಂಭವೂ ಮುಖ್ಯ. ನಮ್ಮದು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ಪ್ರಸ್ಥಭೂಮಿ. ಮಾರ್ಗಶಿರ, ಪುಷ್ಯಗಳ ಮುಂಜಾವಿನಲ್ಲಿ ಎಣ್ಣೆ ಮಂದವಾಗಿರುತ್ತದೆ. ಮಾಲೂರಿನ ಹೆಂಚಿನ ಗೂಡುಗಳಲ್ಲಿ ದುಡಿದವರನ್ನು ಕೇಳಿ: ಹಸಿ ಹೆಂಚಿಗೆ ಒಮ್ಮೆಲೇ ಉರಿ ಕೊಟ್ಟರೆ ಸೀಳಿಬಿಡುತ್ತದೆ, ಶಾಖವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಎಂಜಿನ್ನನ್ನು ಹೊತ್ತಿಸಿ ಅಂಗಳದಲ್ಲಿ ಹತ್ತು ನಿಮಿಷ ಸುಮ್ಮನೆ ಉರಿಸುವುದು ಬೇಡ; ಹಾಗೆ ಮಾಡಿದರೆ ಅದು ಬಿಸಿಯಾಗುವುದೂ ತಡ, ಉರಿಯದ ಪೆಟ್ರೋಲು ಗೋಡೆಯ ಎಣ್ಣೆಯನ್ನು ತೊಳೆಯುವುದೂ ಉಂಟು. ಅರ್ಧ ನಿಮಿಷ ಕಾದು ಹೊರಟು, ಮೊದಲ ಮೂರು ನಾಲ್ಕು ಕಿಲೋಮೀಟರು ಹಗುರವಾಗಿ ನಡೆಸಿದರೆ ಸಾಕು. ಹಲವು ಗಾಡಿಗಳಲ್ಲಿ ಎಂಜಿನ್ನು ತಣ್ಣಗಿರುವಾಗ ನೀಲಿ ದೀಪವೊಂದು ಬೆಳಗುತ್ತದೆ. ಅದು ಆರುವವರೆಗೆ ಅವಸರ ಬೇಡ. ಶೋರೂಮಿನಲ್ಲಿಯೋ ಗುಡಿಯ ಮುಂದೆಯೋ ಬಂಧುಗಳ ಸಂತೋಷಕ್ಕಾಗಿ ನಿಂತ ಗಾಡಿಯನ್ನು ಗರ್ರೆಂದು ಅಬ್ಬರಿಸುವವರಿದ್ದಾರಲ್ಲ, ಅವರಿಂದ ಕೀಲಿಕೈಯನ್ನು ಸವಿನಯವಾಗಿ ಹಿಂದಕ್ಕೆ ಪಡೆಯಬೇಕು. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎಂದು ಬರೀ ಎರಡು ಕಿಲೋಮೀಟರಿನ ಓಡಾಟದಲ್ಲೇ ಮೊದಲ ತಿಂಗಳನ್ನು ಕಳೆಯುವುದೂ ಒಳ್ಳೆಯದಲ್ಲ. ಎಂಜಿನ್ನು ಪೂರ್ತಿ ಬಿಸಿಯಾಗುವ ಮೊದಲೇ ಪ್ರಯಾಣ ಮುಗಿದಿರುತ್ತದೆ.

ಇನ್ನು ಆ ತಿರುಪತಿ. ಹರಕೆ ಹೊತ್ತವರಿಗೆ ಬೇಡವೆನ್ನುವುದು ಹೇಗೆ? ಸಾಧ್ಯವಾದರೆ ಒಳರಸ್ತೆಗಳಲ್ಲಿ ಐನೂರು ಆರುನೂರು ಕಿಲೋಮೀಟರು ಮುಗಿಸಿ ಹೊರಡಿ. ಕುರುಡುಮಲೆಯ ಗಣಪತಿ ಹತ್ತಿರದಲ್ಲೇ ಇರುವಾಗ ಮೊದಲ ಪೂಜೆಗೆ ಲೋಪವಿಲ್ಲ. ಹೋಗಲೇಬೇಕಾದರೆ ಏಳು ಮಂದಿಯ ಬದಲು ನಾಲ್ಕು ಮಂದಿ ಹೋಗಲಿ, ಉಳಿದವರು ಬಸ್ಸಿನಲ್ಲಿ ಬರಲಿ. ಮೇಲಿನ ಕ್ಯಾರಿಯರಿಗೆ ಗಂಟುಮೂಟೆ ಬೇಡ. ಹೆದ್ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ವೇಗವನ್ನು 80ರಿಂದ 60ಕ್ಕೆ, 60ರಿಂದ 70ಕ್ಕೆ ಬದಲಿಸುತ್ತಿರಬೇಕು. ಪಲಮನೇರಿನಲ್ಲಿ ಒಮ್ಮೆ ಕಾಫಿಗೆ ನಿಲ್ಲಬೇಕು. ತಿರುಮಲೆಯ ಏರಿನಲ್ಲಿ ತಡಮಾಡದೆ ಎರಡನೆಯ ಗೇರಿಗೆ ಇಳಿಸಿ, ಪೆಡಲನ್ನು ಅರ್ಧಕ್ಕಿಂತ ಹೆಚ್ಚು ತುಳಿಯದೆ, ಮುಂದಿನವನನ್ನು ಹಿಂದೆ ಹಾಕುವ ಹಂಬಲವನ್ನು ಬಿಟ್ಟು ಏರಿದರೆ ಎಂಜಿನ್ನು ಕ್ಷಮಿಸುತ್ತದೆ. ತಾನಾಗಿ ಗೇರು ಬದಲಿಸುವ ಗಾಡಿಗಳಲ್ಲಿ ಕೈಯಿಂದ ಗೇರು ಹಿಡಿಯುವ ಸೌಕರ್ಯವಿದ್ದರೆ ಅದನ್ನು ಬಳಸಬೇಕಾದ ಸ್ಥಳ ಇದೇ. ಮರಳುವಾಗ ಮೊಗಿಲಿಯ ಘಟ್ಟ ಏರಾಗುತ್ತದೆಂಬುದನ್ನು ಮರೆಯಬಾರದು. ದರ್ಶನ ಮುಗಿಸಿ ಮನೆಯ ಆತುರದಲ್ಲಿರುವವರು ಹೆಚ್ಚಾಗಿ ಎಡವುವುದು ಅಲ್ಲಿ.

ಬ್ರೇಕು, ಟೈರುಗಳಿಗೂ ಇಂಥದೊಂದು ಶೈಶವವಿದೆ. ಬ್ರೇಕಿನ ಪ್ಯಾಡೂ ತಟ್ಟೆಯೂ ಹೊಂದಿಕೊಳ್ಳುವವರೆಗೆ ಹಿಡಿತ ಪೂರ್ಣವಾಗಿರುವುದಿಲ್ಲ. ಹೊಸ ಟೈರಿನ ಮೈಮೇಲಿನ ನುಣುಪು ಸವೆಯಲು ಇನ್ನೂರು ಮುನ್ನೂರು ಕಿಲೋಮೀಟರಾದರೂ ಬೇಕು. ಅಷ್ಟರಲ್ಲಿ ಮಳೆ ಬಂದರೆ ಮುಂದಿನ ಗಾಡಿಯಿಂದ ಎಂದಿಗಿಂತ ಹೆಚ್ಚು ದೂರವಿರುವುದು ಕ್ಷೇಮ.

ಕೊನೆಯದಾಗಿ ಎಣ್ಣೆ. ಹಿಂದಿನ ಕಾಲದಲ್ಲಿ ಐನೂರು ಮೈಲಿಗೇ ಮೊದಲ ಎಣ್ಣೆಯನ್ನು ಚೆಲ್ಲುತ್ತಿದ್ದರು, ಹೊಸ ಒರಳಿನ ಹಿಟ್ಟನ್ನು ಚೆಲ್ಲಿದ ಹಾಗೆ. ಈಗ ಅನೇಕ ಕಂಪನಿಗಳು ಸಾವಿರ ಕಿಲೋಮೀಟರಿಗೋ ಒಂದು ತಿಂಗಳಿಗೋ ಬರುವ ಮೊದಲ ಸರ್ವೀಸಿನಲ್ಲಿ ಬರೀ ತಪಾಸಣೆ ಮಾಡಿ ಕಳುಹಿಸುತ್ತವೆ. ಧೂಳನ್ನು ಹಿಡಿಯುವ ಕೆಲಸ ಫಿಲ್ಟರಿನದು. ಅವಧಿಗೆ ಮುಂಚೆ ಎಣ್ಣೆ ಬದಲಿಸಬೇಡಿರೆಂದು ಸ್ಪಷ್ಟವಾಗಿ ಹೇಳುವವರೂ ಇದ್ದಾರೆ. ಆದ್ದರಿಂದ ಇಲ್ಲಿಯೂ ಪುಸ್ತಕದ ಮಾತೇ ಕೊನೆಯದು. ನಾವು ಮಾಡಬಹುದಾದದ್ದು ಇಷ್ಟು: ಹದಿನೈದು ದಿನಕ್ಕೊಮ್ಮೆ, ಮಟ್ಟಸವಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ನು ಆರಿಸಿ ಐದು ಹತ್ತು ನಿಮಿಷ ಬಿಟ್ಟು, ಎಣ್ಣೆಯ ಕಡ್ಡಿಯನ್ನು ಎಳೆದು ಒರೆಸಿ ಮತ್ತೆ ಅದ್ದಿ ನೋಡುವುದು. ಎರಡು ಗುರುತುಗಳ ನಡುವೆ ಎಣ್ಣೆಯಿದ್ದರೆ ಸರಿ. ಉಂಗುರಗಳು ಹೊಂದುವವರೆಗೆ ಸ್ವಲ್ಪ ಇಳಿಯುವುದು ಸಹಜ. ಎರಡನೆಯ ಸಾವಿರ ಕಿಲೋಮೀಟರಿನಲ್ಲಿಯೂ ಇಳಿಯುತ್ತಲೇ ಇದ್ದರೆ, ಬೆಳಿಗ್ಗೆ ಹೊತ್ತಿಸಿದಾಗ ಹಿಂದೆ ನೀಲಿ ಹೊಗೆ ಕಂಡರೆ, ಕಿಲೋಮೀಟರು, ತಾರೀಕು, ಎಣ್ಣೆಯ ಮಟ್ಟ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು, ವಾರಂಟಿಯ ಅವಧಿ ಮುಗಿಯುವ ಮೊದಲೇ ಸರ್ವೀಸಿನವರ ಮುಂದೆ ಇಡಬೇಕು. ಅವರಿಂದ ಅದಕ್ಕೆ ಬರಹದಲ್ಲಿ ಉತ್ತರವನ್ನೂ ಪಡೆಯಬೇಕು.